ಸಾಧನ ನಮ್ಮದು, ಸಹಿ ಯಾರದು?

2017ರಲ್ಲಿ ಕೊಂಡ ಒಂದು ಲ್ಯಾಪ್‌ಟಾಪ್, ಅದೇ ವರ್ಷ ಕೊಂಡ ಒಂದು ಫೋನ್. ಎರಡೂ ಇವತ್ತಿಗೂ ಆನ್ ಆಗುತ್ತವೆ, ಎರಡರ ಪರದೆಗೂ ಏನೂ ಆಗಿಲ್ಲ. ಲ್ಯಾಪ್‌ಟಾಪಿನೊಳಗೆ ಇಂಟೆಲ್‌ನ ಏಳನೇ ತಲೆಮಾರಿನ ಪ್ರೊಸೆಸರ್ ಇದೆ. ವಿಂಡೋಸ್ 11 ಬಹುಮಟ್ಟಿಗೆ ಎಂಟನೆಯದರಿಂದ ಈಚಿನವನ್ನಷ್ಟೇ ಒಪ್ಪುತ್ತದೆ. ವಿಂಡೋಸ್ 10ಕ್ಕೆ ಸಿಗುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ ಹೆಸರು ಬರೆಸಿದವರಿಗೆ 2026ರ ಅಕ್ಟೋಬರ್ 13ರವರೆಗೆ ಇನ್ನೊಂದು ವರ್ಷ. ಹಾಗೆಂದು ಆ ಯಂತ್ರ ಗುಜರಿಗೆ ಹೋಗಬೇಕಾಗಿಲ್ಲ. 8 ಜಿಬಿಯ ಒಂದು ಪೆನ್‌ಡ್ರೈವ್, ಒಂದು ಗಂಟೆ ಬಿಡುವು ಇದ್ದರೆ ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿ ಇನ್ನೂ ಹಲವು ವರ್ಷ ಓಡಿಸಬಹುದು. ಫೋನಿನ ಕಥೆ ಬೇರೆ. ತಯಾರಕರು ಅಪ್‌ಡೇಟ್ ನಿಲ್ಲಿಸಿದ ದಿನವೇ ಬಹುಪಾಲು ಫೋನ್‌ಗಳ ಆಯಸ್ಸು ಮುಗಿದಂತೆ. ಅದರೊಳಗೂ ಪ್ರೊಸೆಸರ್, ಮೆಮೊರಿ, ಸ್ಟೋರೇಜ್ ಎಲ್ಲ ಇವೆ, ಅದೂ ಕಂಪ್ಯೂಟರೇ.

ಈ ವ್ಯತ್ಯಾಸಕ್ಕೆ ಆಪರೇಟಿಂಗ್ ಸಿಸ್ಟಂಗಳ ಒಳ್ಳೆಯತನ ಕೆಟ್ಟತನ ಕಾರಣವಲ್ಲ. ಲಿನಕ್ಸ್ ಎಂದರೆ ಸ್ವಾತಂತ್ರ್ಯ, ಆ್ಯಪಲ್ ಎಂದರೆ ಸೆರೆಮನೆ ಎಂಬ ಜಗಳ ಹಳೆಯದು, ಅರ್ಧ ತಪ್ಪು ಕೂಡ. ಆಂಡ್ರಾಯ್ಡ್ ಫೋನಿನ ಹೊಟ್ಟೆಯಲ್ಲಿ ಇರುವುದೂ ಲಿನಕ್ಸ್ ಕರ್ನಲ್ಲೇ, ಅಂದರೆ ಆ ಸಿಸ್ಟಂನ ತಿರುಳೇ. ಕೇಳಬೇಕಾದ ಪ್ರಶ್ನೆ ಒಂದೇ: ಸಾಧನ ಆನ್ ಆದಾಗ ಯಾರ ಸಹಿ ನೋಡಿ ಮುಂದುವರಿಯುತ್ತದೆ, ಆ ಸಹಿಯ ಜಾಗದಲ್ಲಿ ಮಾಲೀಕ ತನ್ನದನ್ನು ಇಡಬಹುದೇ?

ಸಹಿ ಪರೀಕ್ಷೆ ನಡೆಯುವುದು ಸರಪಳಿಯ ಹಾಗೆ. ಚಿಪ್‌ನೊಳಗೆ ಕೊರೆದಿಟ್ಟ ಸಣ್ಣ ಕೋಡ್ ಮೊದಲು ಓಡುತ್ತದೆ. ಅದು ಬೂಟ್‌ಲೋಡರಿನ, ಅಂದರೆ ಆಪರೇಟಿಂಗ್ ಸಿಸ್ಟಂ ಎಬ್ಬಿಸುವ ಪುಟ್ಟ ತಂತ್ರಾಂಶದ, ಡಿಜಿಟಲ್ ಸಹಿ (ಗುಟ್ಟಿನ ಕೀಲಿಯಿಂದ ಒತ್ತಿದ ಮುದ್ರೆ) ಪರೀಕ್ಷಿಸುತ್ತದೆ, ಬೂಟ್‌ಲೋಡರ್ ಕರ್ನಲ್‌ನ ಸಹಿ ನೋಡುತ್ತದೆ, ಕರ್ನಲ್ ಮುಂದಿನದನ್ನು. ಒಂದು ಕೊಂಡಿ ತಪ್ಪಿದರೂ ಸಾಧನ ಏಳುವುದಿಲ್ಲ. ಇದರಲ್ಲಿ ದುರುದ್ದೇಶವೇನೂ ಇಲ್ಲ. ಬೂಟ್ ಆಗುವ ಮುಂಚೆಯೇ ಒಳಸೇರುವ ಮಾಲ್‌ವೇರನ್ನು ತಡೆಯಲು ಇದಕ್ಕಿಂತ ಒಳ್ಳೆಯ ದಾರಿ ಇನ್ನೂ ಸಿಕ್ಕಿಲ್ಲ. ಮನೆಗೆ ಬೀಗ ಬೇಡ ಎಂದು ಯಾರೂ ಹೇಳುವುದಿಲ್ಲ; ಬೀಗದ ಕೈ ಮನೆ ಕಟ್ಟಿಕೊಟ್ಟ ಮೇಸ್ತ್ರಿಯ ಜೇಬಿನಲ್ಲೇ ಉಳಿದರೆ ತಕರಾರು.

ಪಿಸಿ: ಕೀಲಿಕೈ ಸಿಗುತ್ತದೆ, ಹುಡುಕಬೇಕು

ಪಿಸಿಯಲ್ಲಿ ಈ ಏರ್ಪಾಟಿನ ಹೆಸರು ಸೆಕ್ಯೂರ್ ಬೂಟ್. ಮದರ್‌ಬೋರ್ಡಿನಲ್ಲೇ ಕೂತಿರುವ ಯುಇಎಫ್‌ಐ ಫರ್ಮ್‌ವೇರ್ ಎಂಬ ತಂತ್ರಾಂಶದಲ್ಲಿ (ರೂಢಿಯಲ್ಲಿ ಬಯಾಸ್) ನಾಲ್ಕು ಪಟ್ಟಿಗಳಿರುತ್ತವೆ. ಪಿಕೆ ಎಂಬುದು ಯಂತ್ರದ ಒಡೆತನದ ಕೀಲಿ, ಸಾಮಾನ್ಯವಾಗಿ ತಯಾರಕರದ್ದು. ಕೆಇಕೆ ಎಂಬುದು ಉಳಿದ ಪಟ್ಟಿಗಳನ್ನು ತಿದ್ದುವ ಅಧಿಕಾರದ ಕೀಲಿ. ಡಿಬಿಯಲ್ಲಿ ಒಪ್ಪಬೇಕಾದ ಸಹಿಗಳು, ಡಿಬಿಎಕ್ಸ್‌ನಲ್ಲಿ ತಿರಸ್ಕರಿಸಬೇಕಾದವು. 2012ರಲ್ಲಿ ವಿಂಡೋಸ್ 8 ಬಂದಾಗ ಮೈಕ್ರೋಸಾಫ್ಟ್ ತಯಾರಕರಿಗೆ ಹಾಕಿದ ಷರತ್ತಿನಲ್ಲಿ ಎರಡು ಮುಖಗಳಿದ್ದವು. ಇಂಟೆಲ್, ಎಎಂಡಿ ಯಂತ್ರಗಳಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡುವ ಅವಕಾಶ ಬಳಕೆದಾರನಿಗೆ ಇರಲೇಬೇಕು; ಆರ್ಮ್ ಚಿಪ್‌ನ ವಿಂಡೋಸ್ ಆರ್‌ಟಿ ಟ್ಯಾಬ್ಲೆಟ್‌ಗಳಲ್ಲಿ ಇರಲೇಕೂಡದು. ಕಂಪನಿ ಅದೇ, ವರ್ಷವೂ ಅದೇ. ಮೊದಲಿನವು ಇಂದಿಗೂ ಲಿನಕ್ಸ್ ಓಡಿಸುತ್ತಿವೆ, ಎರಡನೆಯವು ಕಪಾಟಿನ ಮೂಲೆ ಸೇರಿವೆ. ವಿಂಡೋಸ್ 10ರ ಹೊತ್ತಿಗೆ ಮೊದಲ ಷರತ್ತೂ ಸಡಿಲವಾಯಿತು: ಆಫ್ ಮಾಡುವ ಅವಕಾಶ ಕೊಡುವುದು ಬಿಡುವುದು ತಯಾರಕರಿಗೆ ಬಿಟ್ಟದ್ದು. ಬಹುತೇಕರು ಈಗಲೂ ಕೊಡುತ್ತಿದ್ದಾರೆ. ಆದರೆ ಅದು ಹಕ್ಕಾಗಿ ಉಳಿದಿಲ್ಲ, ರೂಢಿಯಾಗಿ ಉಳಿದಿದೆ.

ಉಬುಂಟು, ಫೆಡೋರಾದಂಥ ಲಿನಕ್ಸ್ ರೂಪಗಳನ್ನು ಹಾಕಲು ಸೆಕ್ಯೂರ್ ಬೂಟ್ ಆಫ್ ಮಾಡಬೇಕಾಗಿಲ್ಲ. ಶಿಮ್ ಎಂಬ ಪುಟ್ಟ ಬೂಟ್‌ಲೋಡರಿಗೆ ಮೈಕ್ರೋಸಾಫ್ಟೇ ಸಹಿ ಹಾಕಿಕೊಡುತ್ತದೆ, ಮುಂದಿನದನ್ನು ಶಿಮ್ ನೋಡಿಕೊಳ್ಳುತ್ತದೆ. ಸ್ವತಂತ್ರ ತಂತ್ರಾಂಶ ಮೈಕ್ರೋಸಾಫ್ಟಿನ ಸಹಿ ಹಿಡಿದು ಒಳಗೆ ಬರುವ ಈ ಏರ್ಪಾಟು ನಗು ತರಿಸುತ್ತದೆ, ಆದರೆ ಕೆಲಸ ಮಾಡುತ್ತದೆ. 2022ರಿಂದೀಚೆಗೆ ಬಂದ ಕೆಲವು ಲ್ಯಾಪ್‌ಟಾಪುಗಳಲ್ಲಿ, ಮುಖ್ಯವಾಗಿ 'ಸೆಕ್ಯೂರ್ಡ್ ಕೋರ್' ಎಂದು ಮಾರುವವುಗಳಲ್ಲಿ, ಇತರರ ಬೂಟ್‌ಲೋಡರಿನ ಸಹಿ ಪರೀಕ್ಷಿಸಲು ಬೇಕಾದ ಮೈಕ್ರೋಸಾಫ್ಟ್ ಪ್ರಮಾಣಪತ್ರ ಮೊದಲಿನಿಂದಲೇ ಆಫ್ ಆಗಿರುತ್ತದೆ. ಪೆನ್‌ಡ್ರೈವ್ ಸರಿಯಾಗಿಯೇ ಬರೆದಿದ್ದರೂ ಬೂಟ್ ಆಗುವುದಿಲ್ಲ. ಬಯಾಸ್ ಸೆಟಪ್ಪಿನ ಸೆಕ್ಯೂರ್ ಬೂಟ್ ಪುಟದಲ್ಲಿ ಥರ್ಡ್ ಪಾರ್ಟಿ ಯುಇಎಫ್‌ಐ ಸಿಎ ಎಂಬ ಆಯ್ಕೆಯನ್ನು ಆನ್ ಮಾಡಿದರೆ ಸಾಕು.

ಬೇರೆಯವರ ಸಹಿಯನ್ನು ನೆಚ್ಚಿಕೊಂಡರೆ ಏನಾಗಬಹುದು ಎಂಬುದು 2024ರ ಆಗಸ್ಟ್‌ನಲ್ಲಿ ಕಂಡಿತು. ವಿಂಡೋಸ್ ಅಪ್‌ಡೇಟೊಂದು ಹಳೆಯ ಶಿಮ್‌ಗಳನ್ನು ತಿರಸ್ಕರಿಸುವ ಎಸ್‌ಬ್ಯಾಟ್ ಎಂಬ ನಿಯಮ ಬರೆಯಿತು. ವಿಂಡೋಸ್ ಜೊತೆಗೆ ಲಿನಕ್ಸ್ ಇಟ್ಟುಕೊಂಡಿದ್ದ ಎಷ್ಟೋ ಯಂತ್ರಗಳಲ್ಲಿ ಲಿನಕ್ಸ್ ಆರಿಸಿದ ಕೂಡಲೇ 'ಎಸ್‌ಬ್ಯಾಟ್ ಪರೀಕ್ಷೆ ವಿಫಲ' ಎಂಬ ಸಂದೇಶ ಬಂದು ಯಂತ್ರ ಆಫ್ ಆಗತೊಡಗಿತು. ಪರಿಹಾರ ಸುಲಭವಿತ್ತು: ಸೆಕ್ಯೂರ್ ಬೂಟ್ ಆಫ್ ಮಾಡಿ ಲಿನಕ್ಸ್‌ಗೆ ಹೋಗಿ, ಮೋಕ್‌ಯುಟಿಲ್ ಸಲಕರಣೆಯಿಂದ ಎಸ್‌ಬ್ಯಾಟ್ ನಿಯಮ ಅಳಿಸಿ, ಒಮ್ಮೆ ರೀಬೂಟ್ ಮಾಡಿ ಮತ್ತೆ ಆನ್ ಮಾಡುವುದು. ಆಫ್ ಮಾಡುವ ಅವಕಾಶವೇ ಇಲ್ಲದ ಯಂತ್ರದಲ್ಲಿ ಈ ಪರಿಹಾರದ ಮೊದಲ ಹೆಜ್ಜೆಯೇ ಇಲ್ಲ.

ಇದರ ಮುಂದಿನ ಅಧ್ಯಾಯ 2026ರದು. ಶಿಮ್‌ಗೆ ಸಹಿ ಹಾಕುತ್ತಿದ್ದ 2011ರ ಪ್ರಮಾಣಪತ್ರದ ಅವಧಿ 2026ರ ಜೂನ್‌ಗೆ, ವಿಂಡೋಸ್‌ನದೇ ಬೂಟ್ ಪ್ರಮಾಣಪತ್ರದ ಅವಧಿ ಅದೇ ವರ್ಷದ ಅಕ್ಟೋಬರ್‌ಗೆ. ಅವಧಿ ಮುಗಿದ ಮರುದಿನ ಯಂತ್ರ ಏಳುವುದಿಲ್ಲ ಎಂಬ ಹೆದರಿಕೆ ಬೇಡ. ಫರ್ಮ್‌ವೇರ್ ಸಾಮಾನ್ಯವಾಗಿ ಸಹಿಯನ್ನು ನೋಡುತ್ತದೆಯೇ ಹೊರತು ತಾರೀಖನ್ನಲ್ಲ. ತೊಂದರೆ ಇರುವುದು ಹೊಸತರಲ್ಲಿ. ಇನ್ನು ಮುಂದಿನ ಶಿಮ್‌ಗಳಿಗೆ ಬೀಳುವುದು 2023ರ ಪ್ರಮಾಣಪತ್ರದ ಸಹಿ. ಅದು ಡಿಬಿ ಪಟ್ಟಿಯಲ್ಲಿ ಇಲ್ಲದ ಹಳೆಯ ಬೋರ್ಡು ಅವನ್ನು ಒಳಗೆ ಬಿಡುವುದಿಲ್ಲ. ಹಾಗಾಗಿ ಬಯಾಸ್ ಅಪ್‌ಡೇಟ್ ಬಂದಿದ್ದರೆ ಹಾಕಿಕೊಳ್ಳಿ.

ಲಿನಕ್ಸ್ ಹಾಕುವಾಗ ನಿಜವಾಗಿ ಕೈಕೊಡುವುದು ಬೇರೆ ಸಂಗತಿಗಳು. ಮೊದಲನೆಯದು ಬಿಟ್‌ಲಾಕರ್. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋದರೆ ಹೋಂ ಆವೃತ್ತಿಯಲ್ಲೂ ಡಿಸ್ಕ್ ತಾನಾಗಿಯೇ ಗೂಢಲಿಪಿಗೆ ಬದಲಾಗುತ್ತದೆ. ಅದರ ಕೀಲಿ ಟಿಪಿಎಂ ಚಿಪ್‌ನಲ್ಲಿ, ಸೆಕ್ಯೂರ್ ಬೂಟ್‌ನ ಸ್ಥಿತಿಗೆ ಗಂಟುಹಾಕಿಕೊಂಡಿರುತ್ತದೆ. ಸ್ಥಿತಿ ಬದಲಾಯಿಸಿದಿರೋ, ನೀಲಿ ಪರದೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದು ಖಾತೆಯಲ್ಲಿ ಉಳಿದಿರುತ್ತದೆ. ಆ ಖಾತೆಗೆ ಮರಳಲು ದಾರಿಯೇ ಇಲ್ಲದಿದ್ದರೆ ಫೋಟೊ, ಕಡತ ಎಲ್ಲ ಹೋದಂತೆಯೇ. ಆದ್ದರಿಂದ ಬಯಾಸ್ ಮುಟ್ಟುವ ಮೊದಲು ಆ ಕೀಯನ್ನು ಕಾಗದದ ಮೇಲೆ ಬರೆದಿಡಿ, ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ತಾತ್ಕಾಲಿಕವಾಗಿ ಆಫ್ ಮಾಡಿ. ಎರಡನೆಯದು ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್. ಅದು ಆನ್ ಇದ್ದರೆ ಶಟ್‌ಡೌನ್ ಎನ್ನುವುದು ಅರ್ಧ ನಿದ್ದೆ. ಲಿನಕ್ಸ್‌ನಿಂದ ವಿಂಡೋಸ್ ಡ್ರೈವನ್ನು ಓದಬಹುದು, ಬರೆಯಲಾಗದು. ಮೂರನೆಯದು, ಇನ್‌ಸ್ಟಾಲರಿಗೆ ಎಸ್‌ಎಸ್‌ಡಿಯೇ ಕಾಣದಿರುವುದು. ಬಯಾಸ್‌ನಲ್ಲಿ ಸ್ಟೋರೇಜ್ ಇಂಟೆಲ್ ಆರ್‌ಎಸ್‌ಟಿ ಕ್ರಮದಲ್ಲಿದ್ದರೆ ಹೀಗಾಗುತ್ತದೆ. ಅದನ್ನು ನೇರವಾಗಿ ಎಎಚ್‌ಸಿಐ ಎಂಬ ಸಾಮಾನ್ಯ ಕ್ರಮಕ್ಕೆ ಬದಲಾಯಿಸಿದರೆ ವಿಂಡೋಸ್ ಬೂಟ್ ಆಗದೆ ಕೂರುತ್ತದೆ. ಮೊದಲು ವಿಂಡೋಸನ್ನು ಮುಂದಿನ ಸಲ ಸೇಫ್ ಮೋಡಿನಲ್ಲಿ ಏಳುವಂತೆ ಹೊಂದಿಸಿ, ಆಮೇಲೆ ಬಯಾಸ್ ಬದಲಾಯಿಸಿ, ಒಮ್ಮೆ ಸೇಫ್ ಮೋಡಿನಲ್ಲಿ ಎದ್ದರೆ ಸರಿಯಾದ ಡ್ರೈವರ್ ತಾನಾಗಿ ಕೂರುತ್ತದೆ.

ಎನ್‌ವಿಡಿಯಾ ಡ್ರೈವರೋ ವರ್ಚುವಲ್‌ಬಾಕ್ಸೋ ಹಾಕುವಾಗ ಮಾಲೀಕನ ಕೀಲಿ ಎಂಬುದು ಕಣ್ಣಿಗೇ ಕಾಣುತ್ತದೆ. ಸೆಕ್ಯೂರ್ ಬೂಟ್ ಆನ್ ಇದ್ದಾಗ ಸಹಿಯಿಲ್ಲದ ಮಾಡ್ಯೂಲನ್ನು, ಅಂದರೆ ತನಗೆ ಸೇರಿಸುವ ಇಂಥ ತುಣುಕನ್ನು, ಕರ್ನಲ್ ಒಪ್ಪದು. ಇನ್‌ಸ್ಟಾಲರ್ ನಿಮ್ಮದೇ ಕೀಲಿಯೊಂದನ್ನು ಸೃಷ್ಟಿಸಿ ಒಂದು ತಾತ್ಕಾಲಿಕ ಪಾಸ್‌ವರ್ಡ್ ಕೇಳುತ್ತದೆ. ರೀಬೂಟ್ ಆದಾಗ ನೀಲಿ ಪರದೆ ಬಂದು ಕೆಲವೇ ಸೆಕೆಂಡು ಕಾಯುತ್ತದೆ. ಆಗ ಯಾವುದಾದರೂ ಕೀ ಒತ್ತಿ, 'ಎನ್‌ರೋಲ್ ಮೋಕ್' (ಮಾಲೀಕನ ಕೀಲಿ ಸೇರಿಸು) ಆರಿಸಿ ಆ ಪಾಸ್‌ವರ್ಡ್ ಹಾಕಬೇಕು. ಚಹಾ ತರಲು ಎದ್ದುಹೋದರೆ ಪರದೆ ದಾಟಿ ಹೋಗುತ್ತದೆ, ಡ್ರೈವರ್ ಹಾಕಿದ್ದೂ ವ್ಯರ್ಥ. ಬೇಸರ ತರುವ ಈ ಹೆಜ್ಜೆ ನನ್ನ ದೃಷ್ಟಿಯಲ್ಲಿ ಇಡೀ ವ್ಯವಸ್ಥೆಯ ಅತ್ಯುತ್ತಮ ಭಾಗ: ಬೀಗ ಹಾಗೆಯೇ ಇರುತ್ತದೆ, ಯಂತ್ರದ ಮುಂದೆ ಕುಳಿತವನು ತನ್ನ ಕೀಲಿಯನ್ನೂ ಸೇರಿಸುತ್ತಾನೆ.

ಕನ್ನಡದವರಿಗೆ ಮಾತ್ರ ಗೊತ್ತಿರುವ ಇನ್ನೊಂದು ಬೀಗವಿದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಕಡತಗಳು ಯೂನಿಕೋಡ್ ಅಲ್ಲ. ಆಯಾ ಫಾಂಟ್ ಇದ್ದರಷ್ಟೇ ಅಕ್ಷರ, ಇಲ್ಲದಿದ್ದರೆ ಕಸ. ವಿಂಡೋಸ್ ಬಿಡುವ ಮುನ್ನ ಅವನ್ನೆಲ್ಲ ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ. ಟೈಪಿಂಗ್‌ಗೆ ಚಿಂತೆಯಿಲ್ಲ: ಲಿನಕ್ಸ್‌ನ ಕೀಲಿಮಣೆ ಪಟ್ಟಿಯಲ್ಲಿ ಕಗಪ ವಿನ್ಯಾಸ ಮೊದಲೇ ಇದೆ, ಹೊಸದಾಗಿ ಏನನ್ನೂ ಹಾಕಬೇಕಿಲ್ಲ.

ಮ್ಯಾಕ್ ಮತ್ತು ಐಫೋನ್

ಆ್ಯಪಲ್ ಬಗ್ಗೆ ಒಂದೇ ಮಾತಿನಲ್ಲಿ ತೀರ್ಪು ಕೊಡಲಾಗದು ಎಂಬುದಕ್ಕೆ ಎಂ ಸರಣಿಯ ಮ್ಯಾಕ್‌ಗಳೇ ಸಾಕ್ಷಿ. ಪವರ್ ಬಟನ್ ಒತ್ತಿ ಹಿಡಿದು ರಿಕವರಿಗೆ ಹೋಗಿ, ಮಾಲೀಕನ ಪಾಸ್‌ವರ್ಡ್ ಕೊಟ್ಟರೆ, ಭದ್ರತೆಯ ಮಟ್ಟವನ್ನು ಪ್ರತಿ ಆಪರೇಟಿಂಗ್ ಸಿಸ್ಟಂಗೂ ಪ್ರತ್ಯೇಕವಾಗಿ ಇಳಿಸಬಹುದು. ಮ್ಯಾಕ್‌ಓಎಸ್ ಪೂರ್ಣ ಭದ್ರತೆಯಲ್ಲೇ ಇದ್ದು, ಪಕ್ಕದಲ್ಲಿ ಸ್ವಂತ ಕರ್ನಲ್ ಓಡಬಹುದು. ಇಂಥ ಮ್ಯಾಕ್‌ಗಳಿಗೆಂದೇ ರೂಪಿಸಿದ ಅಸಾಹಿ ಲಿನಕ್ಸ್ ಎಂ1, ಎಂ2 ಯಂತ್ರಗಳಲ್ಲಿ ಓಡುವುದು ಈ ಬಾಗಿಲಿನಿಂದಲೇ; ಯಾವ ದೋಷವನ್ನೂ ಬಳಸಿಕೊಂಡು ಒಳನುಗ್ಗಿದ್ದಲ್ಲ. ಹಾಗೆಂದು ಯಂತ್ರಾಂಶದ ವಿವರಗಳನ್ನು ಆ್ಯಪಲ್ ಕೊಟ್ಟಿಲ್ಲ. ಡ್ರೈವರುಗಳನ್ನು ಸ್ವಯಂಸೇವಕರು ಒಂದೊಂದಾಗಿ ತಡಕಾಡಿ ಬರೆಯಬೇಕಾಯಿತು. ಮ್ಯಾಕ್‌ಓಎಸ್ ಒಳಗೆ ದಿನನಿತ್ಯದ ಬಿಗಿ ಹೆಚ್ಚುತ್ತಿರುವುದೂ ನಿಜ. ಆ್ಯಪಲ್ ಪರಿಶೀಲಿಸದ ಆ್ಯಪನ್ನು ಕಂಟ್ರೋಲ್ ಕ್ಲಿಕ್ ಮಾಡಿ ತೆರೆಯುವ ಹಳೆಯ ದಾರಿ 2024ರ ಸಿಕೋಯಾದಲ್ಲಿ ಮುಚ್ಚಿತು. ಈಗ ಸಿಸ್ಟಂ ಸೆಟ್ಟಿಂಗ್ಸ್, ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ, ಕೆಳಗಿನ 'ಓಪನ್ ಎನಿವೇ' ಎಂದು ಸುತ್ತಿಬರಬೇಕು.

ಅದೇ ಕಂಪನಿಯ ಐಫೋನಿನಲ್ಲಿ ಈ ಬಾಗಿಲು ಇಲ್ಲವೇ ಇಲ್ಲ. ಹಳೆಯ ಐಓಎಸ್‌ಗೆ ಮರಳಲೂ ಆಗದು, ಏಕೆಂದರೆ ಪ್ರತಿ ರಿಸ್ಟೋರ್‌ಗೂ ಆ್ಯಪಲ್ ಸರ್ವರ್ ಆ ಕ್ಷಣದಲ್ಲಿ ಸಹಿ ಹಾಕಬೇಕು. ಹಳೆಯದಕ್ಕೆ ಸಹಿ ನಿಲ್ಲಿಸಿದ ಮೇಲೆ ನಿಮ್ಮ ಬಳಿ ಆ ಕಡತ ಇದ್ದರೂ ಪ್ರಯೋಜನವಿಲ್ಲ. ನೀವೇ ಬರೆದ ಆ್ಯಪನ್ನು ನಿಮ್ಮದೇ ಫೋನಿಗೆ ಹಾಕಿಕೊಂಡರೆ ಉಚಿತ ಖಾತೆಯಲ್ಲಿ ಅದರ ಆಯಸ್ಸು 7 ದಿನ. ವರ್ಷವಿಡೀ ಉಳಿಯಬೇಕಾದರೆ 99 ಡಾಲರ್‌ನ ಡೆವಲಪರ್ ಸದಸ್ಯತ್ವ. ಯುರೋಪ್ ಒಕ್ಕೂಟದಲ್ಲಿ 2024ರ ಮಾರ್ಚ್‌ನ ಐಓಎಸ್ 17.4ರಿಂದ ಬೇರೆ ಆ್ಯಪ್ ಅಂಗಡಿಗಳಿಗೆ ಅವಕಾಶ ಸಿಕ್ಕಿತು. ಅದನ್ನು ಕೊಡಿಸಿದ್ದು ಡಿಜಿಟಲ್ ಮಾರುಕಟ್ಟೆ ಕಾಯ್ದೆ. ಅಲ್ಲೂ ಪ್ರತಿ ಆ್ಯಪು ಆ್ಯಪಲ್‌ನ ಸಹಿ ಪಡೆದೇ ಹೋಗಬೇಕು. ಅಂಗಡಿ ಬದಲಾಯಿತು, ಮುದ್ರೆ ಬದಲಾಗಲಿಲ್ಲ.

ಆಂಡ್ರಾಯ್ಡ್: ಒಂದೇ ಹೆಸರು, ಹತ್ತು ನಿಯಮ

ಗೂಗಲ್‌ನದೇ ಪಿಕ್ಸೆಲ್ ಫೋನಿನಲ್ಲಿ ಬೂಟ್‌ಲೋಡರಿನ ಬೀಗ ತೆಗೆಯುವ (ಅನ್‌ಲಾಕ್) ದಾರಿ ನೇರ. ಅಬೌಟ್ ಫೋನ್‌ನಲ್ಲಿ ಬಿಲ್ಡ್ ನಂಬರನ್ನು 7 ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆಯುತ್ತವೆ. ಅಲ್ಲಿ ಓಇಎಂ ಅನ್‌ಲಾಕಿಂಗ್ ಆನ್ ಮಾಡಿ, ಫೋನನ್ನು ಫಾಸ್ಟ್‌ಬೂಟ್ ಸ್ಥಿತಿಗೆ ಒಯ್ದು, ಕೇಬಲ್ ಮೂಲಕ ಕಂಪ್ಯೂಟರಿನಿಂದ ಅನ್‌ಲಾಕ್ ಆಜ್ಞೆ ಕೊಡಬೇಕು. ಆ ಕ್ಷಣ ಫೋನಿನ ಮಾಹಿತಿಯೆಲ್ಲ ಅಳಿಯುತ್ತದೆ. ಕಳ್ಳನೂ ಇದೇ ದಾರಿ ಹಿಡಿದು ನಿಮ್ಮ ಫೋಟೊ ನೋಡದಿರಲಿ ಎಂದೇ ಹಾಗೆ. ಬ್ಯಾಕಪ್ ಮೊದಲೇ ಮಾಡಿಕೊಳ್ಳಿ. ಅಮೆರಿಕದಿಂದ ನೆಂಟರು ತಂದುಕೊಟ್ಟ ಪಿಕ್ಸೆಲ್ ವೆರೈಜನ್ ಕಂಪನಿಯಿಂದ ಕೊಂಡದ್ದಾದರೆ ಓಇಎಂ ಅನ್‌ಲಾಕಿಂಗ್ ಮಸುಕಾಗಿಯೇ ಉಳಿಯುತ್ತದೆ. ಸಿಮ್ ಲಾಕ್ ತೆಗೆಸಿದರೂ ಬೂಟ್‌ಲೋಡರ್ ಲಾಕ್ ಹೋಗದು, ಇವೆರಡೂ ಬೇರೆ ಬೇರೆ.

ಶವೋಮಿಯಲ್ಲಿ ಖಾತೆಗೆ ಫೋನನ್ನು ಜೋಡಿಸಿ ದಿನಗಟ್ಟಲೆ ಕಾಯಬೇಕು. ಹೈಪರ್‌ಓಎಸ್ ಎಂಬ ಅದರ ಸಿಸ್ಟಂ ಬಂದಮೇಲೆ ಷರತ್ತುಗಳು ಇನ್ನೂ ಬಿಗಿಯಾದವು. ಹುವಾವೇ 2018ರಲ್ಲೇ ಅನ್‌ಲಾಕ್ ಕೋಡ್ ಕೊಡುವುದನ್ನು ನಿಲ್ಲಿಸಿತು. ಸ್ಯಾಮ್‌ಸಂಗ್ 2025ರ ಒನ್ ಯುಐ 8 ಎಂಬ ತನ್ನ ಸಿಸ್ಟಂ ಆವೃತ್ತಿಯಲ್ಲಿ ಆ ಆಯ್ಕೆಯನ್ನೇ ತೆಗೆದುಹಾಕಿತು. ಅದಕ್ಕೂ ಮೊದಲು ಅನ್‌ಲಾಕ್ ಮಾಡಿ ಬೇರೆ ಸಿಸ್ಟಂ ಹಾಕಿದವರ ಫೋನಿನೊಳಗೆ ನಾಕ್ಸ್ ಎಂಬ ಎಲೆಕ್ಟ್ರಾನಿಕ್ ಫ್ಯೂಸ್ ಸುಡುತ್ತಿತ್ತು. ಸುಟ್ಟ ಫ್ಯೂಸ್ ಮತ್ತೆ ಕೂಡದು, ಮೂಲ ತಂತ್ರಾಂಶಕ್ಕೆ ಮರಳಿದರೂ ಸೆಕ್ಯೂರ್ ಫೋಲ್ಡರ್, ಸ್ಯಾಮ್‌ಸಂಗ್ ಪೇ ಆ ಫೋನಿಗೆ ಶಾಶ್ವತವಾಗಿ ಇಲ್ಲ.

ಅನ್‌ಲಾಕ್ ಮಾಡಿದ ಆಂಡ್ರಾಯ್ಡ್ ಆನ್ ಆಗುವಾಗ ಕಿತ್ತಳೆ ಎಚ್ಚರಿಕೆ ತೋರುತ್ತದೆ. ಕೆಂಪು ಬಂದರೆ ಸಹಿ ಕೆಟ್ಟಿದೆ ಎಂದರ್ಥ. ಹಳದಿ ಎಂಬ ಮೂರನೆಯ ಸ್ಥಿತಿ ಕಡಿಮೆ ಜನಕ್ಕೆ ಗೊತ್ತು: ಬೀಗ ಹಾಕಿದೆ, ಆದರೆ ಕೀಲಿ ಮಾಲೀಕನದು. ಪಿಕ್ಸೆಲ್‌ಗೆ ಗ್ರಾಫೀನ್‌ಓಎಸ್ (ಭದ್ರತೆಗೆ ಒತ್ತು ಕೊಡುವ ಸ್ವತಂತ್ರ ಆಂಡ್ರಾಯ್ಡ್ ರೂಪ) ಹಾಕುವವರು ಅದರ ಕೀಲಿಯನ್ನು ಫೋನಿಗೆ ಬರೆದು ಮತ್ತೆ ಲಾಕ್ ಮಾಡುವುದು ಹೀಗೆಯೇ. ಕೀಲಿ ಬರೆಯದೆ, ಬದಲಾದ ಸಿಸ್ಟಂ ಇರುವಾಗಲೇ ಲಾಕ್ ಮಾಡಿಬಿಟ್ಟರೆ ಫೋನ್ ಇಟ್ಟಿಗೆ. ಅದೇ ರೀತಿ ಹಳೆಯ ಆವೃತ್ತಿಗೆ ಇಳಿಸುವುದನ್ನು ತಡೆಯುವ ಎಣಿಕೆಯೊಂದು ಚಿಪ್‌ನಲ್ಲಿದೆ. 2022ರಲ್ಲಿ ಪಿಕ್ಸೆಲ್ 6ಕ್ಕೆ ಆಂಡ್ರಾಯ್ಡ್ 13 ಹಾಕಿದವರು 12ಕ್ಕೆ ಮರಳದಂತಾದದ್ದು ಅದರಿಂದ.

ಕರ್ನಲ್ ಸ್ವತಂತ್ರ ತಂತ್ರಾಂಶವಾಗಿದ್ದೂ ಇದೆಲ್ಲ ಹೇಗೆ ಸಾಧ್ಯ? ಲಿನಕ್ಸ್ ಕರ್ನಲ್‌ನ ಪರವಾನಗಿ ಜಿಪಿಎಲ್ ಎರಡನೆಯ ಆವೃತ್ತಿ. ಅದು ಮೂಲ ಕೋಡ್ ಕೊಡಿ ಎನ್ನುತ್ತದೆ. ತಿದ್ದಿದ ಕೋಡನ್ನು ಅದೇ ಸಾಧನದಲ್ಲಿ ಓಡಿಸಲು ಬಿಡಿ ಎನ್ನುವುದಿಲ್ಲ. ಟಿವೋ ಎಂಬ ಟಿವಿ ರೆಕಾರ್ಡರ್ ಈ ಸಂದನ್ನು ಬಳಸಿಕೊಂಡ ಮೇಲೆ 2007ರ ಜೂನ್‌ನಲ್ಲಿ ಬಂದ ಮೂರನೆಯ ಆವೃತ್ತಿ, ಗ್ರಾಹಕ ಸಾಧನಗಳಲ್ಲಿ ಇನ್‌ಸ್ಟಾಲ್ ಮಾಡಲು ಬೇಕಾದ ಮಾಹಿತಿಯನ್ನೂ ಕೊಡಬೇಕೆಂದಿತು. ಕರ್ನಲ್ ಎರಡರಲ್ಲೇ ಉಳಿಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಪರವಾನಗಿಗಳಿಗೂ ಸಲ್ಲುತ್ತದೆ.

ಬೂಟ್‌ಲೋಡರ್ ಗೊಡವೆ ಬೇಡವೆನ್ನುವವರಿಗೂ ತಟ್ಟುವ ಬದಲಾವಣೆಯನ್ನು ಗೂಗಲ್ 2025ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ಪ್ಲೇ ಸ್ಟೋರಿನ ಹೊರಗಿನಿಂದ ಎಪಿಕೆ (ಆ್ಯಪಿನ ಕಡತ) ಹಾಕಿಕೊಂಡರೂ ಅದನ್ನು ಬರೆದವರು ಗೂಗಲ್‌ನಲ್ಲಿ ಗುರುತು ನೋಂದಾಯಿಸಿರಬೇಕು. 2026ರ ಸೆಪ್ಟೆಂಬರಿನಿಂದ ಬ್ರೆಜಿಲ್, ಇಂಡೊನೇಷ್ಯಾ, ಸಿಂಗಪುರ, ಥಾಯ್ಲೆಂಡ್‌ನಲ್ಲಿ, 2027ರಿಂದ ಉಳಿದೆಡೆ ಎಂಬುದು ಆಗಿನ ವೇಳಾಪಟ್ಟಿ. ಎಫ್‌-ಡ್ರಾಯ್ಡ್‌ನಂಥ ಸ್ವತಂತ್ರ ಆ್ಯಪ್ ಭಂಡಾರ ಇದರಿಂದ ತನ್ನ ಬುಡಕ್ಕೇ ಪೆಟ್ಟು ಎಂದಿತು. ನವೆಂಬರಿನಲ್ಲಿ ಗೂಗಲ್ ಸ್ವಲ್ಪ ಬಗ್ಗಿ, ಅಪಾಯ ಗೊತ್ತಿದ್ದೂ ಮುಂದುವರಿಯುವ ಅನುಭವಿಗಳಿಗೆ ಪ್ರತ್ಯೇಕ ದಾರಿ ಕೊಡುವುದಾಗಿ ಹೇಳಿತು. ಕಂಪ್ಯೂಟರಿಗೆ ಜೋಡಿಸಿ ಎಡಿಬಿ ಎಂಬ ಡೆವಲಪರ್ ಸಲಕರಣೆಯ ಮೂಲಕ ಹಾಕುವುದಕ್ಕೆ ಅಡ್ಡಿಯಿಲ್ಲ. ಗೂಗಲ್ ಕೊಡುವ ಕಾರಣ ಸುಳ್ಳಲ್ಲ: ಬ್ಯಾಂಕ್, ಆರ್‌ಟಿಓ ಚಲನ್ ಹೆಸರಿನಲ್ಲಿ ವಾಟ್ಸ್‌ಆ್ಯಪಿಗೆ ಬರುವ ಎಪಿಕೆಗಳು ನಮ್ಮಲ್ಲಿ ಎಷ್ಟು ಜನರ ಖಾತೆ ಬರಿದು ಮಾಡಿವೆ ಎಂಬುದನ್ನು ಪೊಲೀಸ್ ಠಾಣೆಗಳು ಹೇಳುತ್ತವೆ. ಆದರೆ ಯಾವ ಆ್ಯಪ್ ಓಡಬೇಕೆಂಬ ಪಟ್ಟಿ ಒಂದೇ ಕಂಪನಿಯ ಕೈಗೆ ಹೋದರೆ, ಯಾವುದೇ ಸರ್ಕಾರ ಒತ್ತಡ ಹೇರಲು ಒಂದೇ ವಿಳಾಸ ಸಾಕು.

ಭಾರತದಲ್ಲಿ ಈ ಪ್ರಶ್ನೆ ಒಮ್ಮೆ ಕಾನೂನಿನ ಬಾಗಿಲು ತಟ್ಟಿದೆ. 2022ರ ಅಕ್ಟೋಬರ್‌ನಲ್ಲಿ ಸ್ಪರ್ಧಾ ಆಯೋಗ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿದಾಗ ಸುದ್ದಿಯಾದದ್ದು ದಂಡ. ಆದೇಶದೊಳಗೆ ಸೈಡ್‌ಲೋಡಿಂಗ್‌ಗೆ, ಅಂದರೆ ಪ್ಲೇ ಸ್ಟೋರಿನ ಹೊರಗಿನಿಂದ ಆ್ಯಪ್ ಹಾಕಿಕೊಳ್ಳುವುದಕ್ಕೆ, ಅಡ್ಡಿ ಮಾಡಬಾರದು ಎಂಬ ನಿರ್ದೇಶನವೂ ಇತ್ತು. 2023ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿದು, ನಾಲ್ಕು ನಿರ್ದೇಶನಗಳನ್ನು ರದ್ದುಮಾಡಿತು. ಅವುಗಳಲ್ಲಿ ಇದೂ ಒಂದು.

ಕೊನೆಯ ಬೀಗ ಫೋನಿನಲ್ಲಿಲ್ಲ

ಕೀಲಿ ನಿಮ್ಮದೇ ಆಗಿದೆ, ಹಳದಿ ಸ್ಥಿತಿಯಲ್ಲಿ ಫೋನ್ ಭದ್ರವಾಗಿದೆ ಎಂದಿಟ್ಟುಕೊಳ್ಳಿ. ಬ್ಯಾಂಕಿನ ಆ್ಯಪ್ ತೆರೆದರೆ 'ಈ ಸಾಧನ ಸುರಕ್ಷಿತವಲ್ಲ' ಎನ್ನಬಹುದು. ಅದಕ್ಕೆ ಹಾಗೆ ಹೇಳಿಕೊಟ್ಟದ್ದು ಪ್ಲೇ ಇಂಟೆಗ್ರಿಟಿ. ಆ್ಯಪ್ ಕೇಳಿದಾಗ ಗೂಗಲ್ ಸರ್ವರ್ ಮೂರು ದರ್ಜೆಯಲ್ಲಿ ಉತ್ತರ ಕೊಡುತ್ತದೆ: ಬೇಸಿಕ್, ಡಿವೈಸ್, ಸ್ಟ್ರಾಂಗ್. ಗೂಗಲ್ ಪ್ರಮಾಣೀಕರಿಸಿದ ಮೂಲ ತಂತ್ರಾಂಶ ಅಲ್ಲದಿದ್ದರೆ ಡಿವೈಸ್ ದರ್ಜೆ ಸಿಗದು. ಮೂರು ವರ್ಷದಿಂದ ಒಂದೂ ಭದ್ರತಾ ಅಪ್‌ಡೇಟ್ ಕಾಣದ ಫೋನಿಗೆ ಮೂಲ ತಂತ್ರಾಂಶವಿದೆ ಎಂಬ ಒಂದೇ ಕಾರಣಕ್ಕೆ ಅದು ಸಿಗುತ್ತದೆ. ಈ ತಿಂಗಳ ಅಪ್‌ಡೇಟ್ ಹಾಕಿಕೊಂಡ ಗ್ರಾಫೀನ್‌ಓಎಸ್‌ಗೆ ಸಿಗುವುದಿಲ್ಲ. 2025ರ ಮೇ ತಿಂಗಳಿನಿಂದ, ಆಂಡ್ರಾಯ್ಡ್ 13 ಮತ್ತು ಮುಂದಿನವುಗಳಲ್ಲಿ ಸ್ಟ್ರಾಂಗ್ ದರ್ಜೆಗೆ ಕಳೆದ ಒಂದು ವರ್ಷದೊಳಗಿನ ಅಪ್‌ಡೇಟ್ ಇರಬೇಕೆಂದು ಮಾಡಿದ್ದಾರೆ. ಆದರೆ ಆ್ಯಪುಗಳು ಸಾಮಾನ್ಯವಾಗಿ ಕೇಳುವುದು ನಡುವಿನದನ್ನು.

ತರಕಾರಿ ಗಾಡಿಯವರೂ ಕ್ಯೂಆರ್ ಕೋಡ್ ನೇತುಹಾಕಿರುವ ಊರಿನಲ್ಲಿ ಯುಪಿಐ ಇಲ್ಲದ ಫೋನ್ ಅರ್ಧ ಫೋನ್. ಹೀಗಾಗಿ ಅನ್‌ಲಾಕ್ ಮಾಡಿದವರು ಪಾವತಿಗೆಂದೇ ಇನ್ನೊಂದು ಫೋನ್ ಇಟ್ಟುಕೊಳ್ಳುತ್ತಾರೆ, ಇಲ್ಲವೇ ರೂಟ್ ಪ್ರವೇಶವನ್ನು, ಅಂದರೆ ಫೋನಿನ ಮೇಲೆ ಪೂರ್ಣ ಅಧಿಕಾರ ಪಡೆದಿರುವುದನ್ನು, ಮುಚ್ಚಿಡುವ ಮಾಡ್ಯೂಲ್‌ಗಳ ಬೆನ್ನು ಹತ್ತುತ್ತಾರೆ. ಅವು ಇವತ್ತು ನಡೆದರೆ ನಾಳೆ ನಿಲ್ಲುತ್ತವೆ; ಯಾರೋ ಹಂಚಿದ ಮಾಡ್ಯೂಲಿಗೆ ಫೋನಿನ ಪೂರ್ಣ ಅಧಿಕಾರ ಕೊಟ್ಟು ಅದರಲ್ಲೇ ಬ್ಯಾಂಕ್ ವ್ಯವಹಾರ ಮಾಡುವುದು ನಿಜಕ್ಕೂ ಅಪಾಯ. ಅಂದರೆ ಭದ್ರತೆಯ ಹೆಸರಿನ ನಿಯಮವೇ ಜನರನ್ನು ಹೆಚ್ಚು ಅಭದ್ರ ದಾರಿಗೆ ನೂಕುತ್ತಿದೆ. ಇತ್ತ 2022ರ ಮಾರ್ಚ್‌ನಲ್ಲಿ ಬಂದ ಯುಪಿಐ 123ಪೇ, ಯಾವ ಇಂಟೆಗ್ರಿಟಿ ಪರೀಕ್ಷೆಯೂ ಇಲ್ಲದ ಗುಂಡಿ ಫೋನಿನಿಂದಲೂ ಹಣ ಕಳಿಸಲು ಬಿಡುತ್ತದೆ.

ಬ್ಯಾಂಕುಗಳಿಗೆ ಬೇರೆ ದಾರಿ ಇಲ್ಲವೆಂದೇನಲ್ಲ. ಆಂಡ್ರಾಯ್ಡ್‌ನಲ್ಲಿಯೇ ಯಂತ್ರಾಂಶ ಆಧಾರಿತ ದೃಢೀಕರಣದ ಸೌಲಭ್ಯವಿದೆ. ಚಿಪ್ ಕೊಡುವ ಪ್ರಮಾಣಪತ್ರದಲ್ಲಿ ಬೂಟ್‌ಲೋಡರ್ ಲಾಕ್ ಆಗಿದೆಯೇ, ಯಾವ ಕೀಲಿಯಿಂದ ಬೂಟ್ ಆಯಿತು, ಭದ್ರತಾ ಅಪ್‌ಡೇಟ್ ಯಾವ ತಿಂಗಳಿನದು ಎಂಬುದೆಲ್ಲ ಇರುತ್ತದೆ. ಗ್ರಾಫೀನ್‌ಓಎಸ್ ತನ್ನ ಕೀಲಿಗಳ ಬೆರಳಚ್ಚನ್ನು, ಅಂದರೆ ಹ್ಯಾಶ್ ಮೌಲ್ಯಗಳನ್ನು, ಪ್ರತಿ ಮಾದರಿಯ ಫೋನಿಗೂ ಪ್ರಕಟಿಸಿದೆ. ಬ್ಯಾಂಕಿನ ಸರ್ವರಿನಲ್ಲಿ ಒಪ್ಪಬಹುದಾದ ಕೀಲಿಗಳ ಪಟ್ಟಿಗೆ ಆ ಸಾಲುಗಳನ್ನು ಸೇರಿಸಿದರೆ ಹಳದಿ ಸ್ಥಿತಿಯ ಫೋನಿನಲ್ಲೂ ಆ್ಯಪ್ ತೆರೆಯುತ್ತದೆ, ಕಿತ್ತಳೆ ಸ್ಥಿತಿಯದು ಹೊರಗೇ ಉಳಿಯುತ್ತದೆ. ನಿಮ್ಮ ಬ್ಯಾಂಕಿಗೆ ದೂರು ಬರೆಯುವುದಾದರೆ 'ರೂಟ್ ಆದ ಫೋನಿಗೂ ಬಿಡಿ' ಎಂದು ಬರೆಯಬೇಡಿ, ಉತ್ತರ ಏನೆಂದು ಗೊತ್ತೇ ಇದೆ. ಪ್ಲೇ ಇಂಟೆಗ್ರಿಟಿಯ ಜೊತೆಗೆ ಯಂತ್ರಾಂಶ ದೃಢೀಕರಣವನ್ನೂ ಒಪ್ಪಿ, ಲಾಕ್ ಆದ ಬೂಟ್‌ಲೋಡರ್, ಗೊತ್ತಿರುವ ಕೀಲಿ, ಇಷ್ಟು ತಿಂಗಳೊಳಗಿನ ಅಪ್‌ಡೇಟ್ ಎಂಬ ಮೂರು ಷರತ್ತು ಹಾಕಿ ಎಂದು ಬರೆಯಿರಿ.